ಸುಲಭದ ಎದುರಾಳಿಗಳು

ಹ್ಯಾರಿಸನ್

ವಿಮಾನ ಇಳಿದು ಒಂದು ಗಂಟೆಯಾಗುವ ಮೊದಲೇ ನಾನು ಒಂದು ಜಗಳದ ನಡುವೆ ಕುಳಿತಿದ್ದೆ. ಕಾರು ಓಡಿಸುತ್ತಿದ್ದವನು ಲಾರೆನ್ಸ್. ಮಂಗಳೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಕೋಣೆಯಲ್ಲಿದ್ದವನು. ಈಗ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ಬಳಿ ಹೆದ್ದಾರಿಯ ಪಕ್ಕ ಒಂದು ಸಣ್ಣ ಮೋಟೆಲ್ ನಡೆಸುತ್ತಾನೆ. ಹಿಂದಿನ ಸೀಟಿನಲ್ಲಿದ್ದವನು ಬಿಲ್, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡಿದ್ದು ನಿವೃತ್ತನಾದ ಅಮೆರಿಕನ್, ಪಂದ್ಯ ನೋಡಲು ಲಾರೆನ್ಸ್‌ಗೆ ಜೊತೆಗಾರ. ಅವನನ್ನು ದಾರಿಯಲ್ಲಿ ಹ್ಯಾರಿಸನ್ ಎಂಬ ಊರಿನ ಹೊಸ ಅಪಾರ್ಟ್‌ಮೆಂಟುಗಳ ಸಾಲಿನಲ್ಲಿ ಹತ್ತಿಸಿಕೊಂಡಿದ್ದೆವು. ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಲೇ ಅವನು ಇಂಗ್ಲಿಷಿನಲ್ಲಿ ಕೇಳಿದ:

"ನೀವು ಕ್ರೀಡಾ ಪತ್ರಕರ್ತರಂತೆ. ಇಡೀ ವರ್ಷ ದುರ್ಬಲರನ್ನೇ ಹುಡುಕಿ ಸೋಲಿಸಿದ ತಂಡವನ್ನು ಒಳ್ಳೆಯ ತಂಡ ಅನ್ನಬಹುದೇ?"

"ಇವನಿಗೆ ಉತ್ತರ ಕೊಡ್ಬೇಡ ಮಾರಾಯ," ಎಂದ ಲಾರೆನ್ಸ್. "ನವೆಂಬರಿನಿಂದ ಇದೇ ರೆಕಾರ್ಡು ಹಾಕ್ತಾ ಇದ್ದಾನೆ."

ಚರ್ಚೆಯಲ್ಲಿದ್ದದ್ದು ಅಲ್ಲಿನ ಒಂದು ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ. ಕಾಲೇಜಿನ ಹೆಸರು ಬೇಡ. ತಂಡ ಆ ವರ್ಷ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಲಾರೆನ್ಸ್‌ನ ಮಗಳು ರಿಯಾ ಅದರಲ್ಲಿ ಗಾರ್ಡ್, ಅಂದರೆ ಚೆಂಡನ್ನು ಮುಂದಕ್ಕೆ ತಂದು ಆಟ ಕಟ್ಟುವವಳು. ಅದು ಅವಳ ಕೊನೆಯ ವರ್ಷ. ನರ್ಸಿಂಗ್ ಓದು ಮುಗಿಯುತ್ತಿತ್ತು, ಬೇಸಿಗೆಯಲ್ಲಿ ಆಸ್ಪತ್ರೆಯ ಕೆಲಸ ಕಾಯುತ್ತಿತ್ತು. ಏಳನೆಯ ವಯಸ್ಸಿನಿಂದ ಆಡಿಕೊಂಡು ಬಂದ ಆಟ ತಂಡದ ಕೊನೆಯ ಪಂದ್ಯದ ದಿನವೇ ಮುಗಿಯುವುದಿತ್ತು. ಜನವರಿಯಲ್ಲಿ ಲಾರೆನ್ಸ್ ಫೋನ್ ಮಾಡಿ, "ಇನ್ನು ನೋಡ್ಲಿಕ್ಕೆ ಸಿಗುದಿಲ್ಲ, ಬಂದು ಹೋಗು" ಎಂದಿದ್ದ. ಮೂವತ್ತು ವರ್ಷ ಕ್ರೀಡಾ ಪುಟದ ಡೆಸ್ಕಿನಲ್ಲಿ ಬೇರೆಯವರು ನೋಡಿ ಬಂದ ಪಂದ್ಯಗಳಿಗೆ ತಲೆಬರಹ ಕೊಟ್ಟ ನಾನು ರಜೆ ಹಾಕಿ ಹೊರಟೆ.

ಬಿಲ್‌ನ ಪ್ರಶ್ನೆ ಅರ್ಥವಾಗಲು ಅಲ್ಲಿನ ಒಂದು ಪದ್ಧತಿ ತಿಳಿಯಬೇಕು. ನಮ್ಮಲ್ಲಿ ತಾಲ್ಲೂಕು ಮಟ್ಟದ ವಾಲಿಬಾಲ್ ಪಂದ್ಯಾವಳಿಗೂ ಚೀಟಿ ಎತ್ತಿಯೇ ಎದುರಾಳಿಯನ್ನು ತೀರ್ಮಾನಿಸುತ್ತಾರೆ. ಅಲ್ಲಿ ಹಾಗಲ್ಲ. ತಮ್ಮ ಲೀಗಿನ ಪಂದ್ಯಗಳನ್ನು ಬಿಟ್ಟರೆ, ಉಳಿದ ಎದುರಾಳಿಗಳನ್ನು ಪ್ರತಿ ಕಾಲೇಜೂ ತಾನೇ ಆರಿಸಿಕೊಳ್ಳುತ್ತದೆ. ಕೋಚ್‌ಗಳು ಫೋನ್ ಮಾಡಿ, "ನೀವು ಬರುತ್ತೀರೋ, ನಾವು ಬರಬೇಕೋ" ಎಂದು ಸಂಬಂಧ ಕುದುರಿಸಿದಂತೆ ಮಾತಾಡುತ್ತಾರೆ. ಸುಲಭದ ಎದುರಾಳಿಗೆ ಅಭಿಮಾನಿಗಳು ಇಟ್ಟ ಹೆಸರು ಕಪ್‌ಕೇಕ್, ಎರಡೇ ತುತ್ತಿಗೆ ಮುಗಿಯುವ ಪುಟ್ಟ ಕೇಕು. ರಿಯಾಳ ತಂಡದ ವೇಳಾಪಟ್ಟಿಯನ್ನು ಬಿಲ್ 'ಬೇಕರಿ' ಎಂದು ಕರೆಯುತ್ತಿದ್ದ.

"ದೊಡ್ಡ ಟೀಮಿನವರು ನಮ್ಮ ಫೋನೇ ಎತ್ತುದಿಲ್ಲ," ಎಂದ ಲಾರೆನ್ಸ್. "ನಮ್ಮ ಹತ್ರ ಸೋತ್ರೆ ಅವರ ಮರ್ಯಾದೆ ಹೋಗ್ತದಲ್ಲ? ಹಾಗಾದ್ರೆ ಎಂತ ಮಾಡುದು, ಗೋಡೆ ಒಟ್ಟಿಗೆ ಆಡುದಾ?"

ಇದನ್ನು ಅವನು ಬಿಲ್‌ಗಾಗಿ ಇಂಗ್ಲಿಷಿನಲ್ಲೂ ಹೇಳಿದ. ಬಿಲ್ ಒಪ್ಪಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು. ನೋಡದ ಪಂದ್ಯದ ಬಗ್ಗೆ ಅಭಿಪ್ರಾಯ ಕೊಡುವುದಿಲ್ಲ ಎಂದೆ. ಇಬ್ಬರಿಗೂ ನಿರಾಸೆಯಾಯಿತು.

ಬ್ರಿಡ್ಜ್‌ವಾಟರ್

ಮರುದಿನ ಬೆಳಿಗ್ಗೆ ಮೋಟೆಲಿನಿಂದ ಆ ಊರಿನ ಹಿಂದೂ ದೇವಸ್ಥಾನಕ್ಕೆ ನಡೆದೇ ಹೊರಟೆ. ಸ್ವಲ್ಪ ದೂರದಲ್ಲಿ ಫುಟ್‌ಪಾತ್ ಮುಗಿಯಿತು. ರಸ್ತೆಯ ಅಂಚಿನ ಹುಲ್ಲಿನ ಮೇಲೆ ಹೋಗುತ್ತಿದ್ದಾಗ ಎರಡು ಕಾರುಗಳು ನಿಂತವು. ಮೊದಲನೆಯವರು ನನ್ನ ಕಾರು ಎಲ್ಲಿ ಕೆಟ್ಟಿದೆ ಎಂದು ಕೇಳಿದರು. ಎರಡನೆಯವರು ಯಾರಿಗಾದರೂ ಫೋನ್ ಮಾಡಬೇಕೇ ಎಂದರು. ನಡೆಯುವುದು ನನ್ನ ಅಭ್ಯಾಸ ಎಂದಾಗ ಇಬ್ಬರೂ ನಂಬದೆ ಮುಂದೆ ಹೋದರು. ಮೂರನೆಯ ಕಾರಿನ ಕಿಟಕಿ ಇಳಿದು, "ಲಾರೆನ್ಸ್ ಫ್ರೆಂಡ್ ತಾನೇ? ಹತ್ತಿ, ಹತ್ತಿ. ಇಲ್ಲಿ ಹೀಗೆ ನಡೆದ್ರೆ ಜನ ಗಾಬರಿ ಆಗ್ತಾರೆ," ಎಂದು ಮೈಸೂರಿನ ಕನ್ನಡ ಕೇಳಿಸಿತು.

ಅವರು ಶಶಿಕಲಾ. ಔಷಧ ಕಂಪನಿಯ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿದ್ದು ನಿವೃತ್ತರಾದವರು. ಊರಿನ ಭಾರತೀಯ ಮಕ್ಕಳಿಗೆಲ್ಲ ಶಶಿ ಆಂಟಿ. ತಂಡದ ಎಲ್ಲ ಪಂದ್ಯಗಳಿಗೂ ಲಾರೆನ್ಸ್ ಮತ್ತು ಬಿಲ್ ನಡುವಿನ ಸೀಟು ಅವರದು. ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ಮುಂದಿಟ್ಟುಕೊಂಡು ಟ್ಯಾಬ್ಲೆಟ್ ತೆರೆದರು. ಅದರಲ್ಲಿ ಆ ವರ್ಷದ ಎಲ್ಲ ಎದುರಾಳಿಗಳ ಹೆಸರಿದ್ದ ಉದ್ದದ ಪಟ್ಟಿ.

"ಲಾರೆನ್ಸ್ ಮಗಳ ಮೇಲಿನ ಪ್ರೀತಿಗೆ ಮಾತಾಡ್ತಾರೆ, ಬಿಲ್ ಬಾಯಿಚಪಲಕ್ಕೆ. ನಾನು ಡೇಟಾ ನೋಡ್ತೀನಿ. ನೋಡಿ, ನಾವೆಷ್ಟು ಗೆದ್ವಿ ಅನ್ನೋದು ಅರ್ಧ. ನಾವು ಸೋಲಿಸಿದವರು ಆಮೇಲೆ ಎಷ್ಟು ಗೆದ್ರು ಅನ್ನೋದು ಇನ್ನರ್ಧ. ಅವರು ಬೇರೆಯವರ ಹತ್ರಾನೂ ಸೋಲ್ತಾನೇ ಇದ್ರೆ ನಮ್ಮ ಗೆಲುವಿಗೆ ತೂಕ ಎಲ್ಲಿಂದ ಬರುತ್ತೆ?"

ಈ ತೂಕ ಯಾಕೆ ಬೇಕು ಎಂಬುದನ್ನೂ ಅವರೇ ವಿವರಿಸಿದರು. ಶುಕ್ರವಾರ ನ್ಯೂಯಾರ್ಕಿನಲ್ಲಿ ಲೀಗಿನ ಫೈನಲ್. ಗೆದ್ದ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. ಸೋತರೆ, ಭಾನುವಾರ ಒಂದು ಆಯ್ಕೆ ಸಮಿತಿ ದೇಶದ ಉಳಿದ ತಂಡಗಳ ಜೊತೆ ಇವರನ್ನೂ ತೂಗಿ ನೋಡುತ್ತದೆ. ಆಗ ಎಷ್ಟು ಗೆದ್ದಿರಿ ಎನ್ನುವುದಕ್ಕಿಂತ ಯಾರನ್ನು ಗೆದ್ದಿರಿ ಎಂದು ಕೇಳುತ್ತಾರೆ.

ಉದಾಹರಣೆಗೆಂದು, ಪಟ್ಟಿಯ ಆರಂಭದಲ್ಲೇ ಇದ್ದ ಒಂದು ಹೆಸರಿನ ಮೇಲೆ ಅವರು ಬೆರಳಿಟ್ಟರು. ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಯಲ್ಲಿರುವ ಒಂದು ಸಣ್ಣ ಕಾಲೇಜು. ಆ ಹುಡುಗಿಯರು ನವೆಂಬರಿನಲ್ಲಿ ಹಿಮದಲ್ಲಿ ಬಸ್ಸು ಮಾಡಿಕೊಂಡು ಬಂದು, ಹೀನಾಯವಾಗಿ ಸೋತು, ಅದೇ ಬಸ್ಸಿನಲ್ಲಿ ಹಿಂತಿರುಗಿದ್ದರಂತೆ. ಟ್ರಾಫಿಕ್ ತಪ್ಪಿಸಿಕೊಳ್ಳಲು ಬಿಲ್ ಆ ಪಂದ್ಯದ ಅರ್ಧದಲ್ಲೇ ಎದ್ದು ಹೋಗಿದ್ದ. ಶಶಿಕಲಾ ಸ್ವೆಟರ್ ಹೆಣೆದಿದ್ದರು.

"ಎರಡು ರಾತ್ರಿ ನಮ್ಮ ಮೋಟೆಲಿನಲ್ಲೇ ಇದ್ದದ್ದು ಅವರು," ಎಂದು ಸಂಜೆ ಲಾರೆನ್ಸ್ ನೆನಪಿಸಿಕೊಂಡ. "ಆಟ ಸೊನ್ನೆ. ತಿನ್ನುದರಲ್ಲಿ ಚಾಂಪಿಯನ್. ಬೆಳಿಗ್ಗೆ ಎಂಟು ಗಂಟೆಗೆ ವಾಫಲ್ ಹಿಟ್ಟು ಖಾಲಿ." ವಾಫಲ್ ಅಂದರೆ ಅಲ್ಲಿನ ಮೋಟೆಲುಗಳಲ್ಲಿ ಅತಿಥಿಗಳೇ ಅಚ್ಚಿಗೆ ಹಿಟ್ಟು ಹೊಯ್ದು ಸುಟ್ಟುಕೊಳ್ಳುವ ದಪ್ಪ ಸಿಹಿ ದೋಸೆಯಂಥದು.

ನ್ಯೂಯಾರ್ಕ್

ಶುಕ್ರವಾರ ಮಧ್ಯಾಹ್ನದ ಫೈನಲಿಗೆ ನಾನು ಕುಳಿತುಕೊಳ್ಳಲು ಹೋದಾಗ ಶಶಿಕಲಾ ತೋಳು ಹಿಡಿದು ಎಬ್ಬಿಸಿದರು. ತಮ್ಮ ತಂಡ ಮೊದಲ ಬುಟ್ಟಿ ಹಾಕುವವರೆಗೆ ಅಭಿಮಾನಿಗಳು ನಿಂತು ಚಪ್ಪಾಳೆ ತಟ್ಟುತ್ತಿರಬೇಕು ಎಂಬುದು ಅಲ್ಲಿನ ರೂಢಿ. "ಒಂದು ನಿಮಿಷ ಅಷ್ಟೇ," ಎಂದರು.

ಆ ದಿನ ಒಂದು ನಿಮಿಷದಲ್ಲಿ ಮುಗಿಯಲಿಲ್ಲ. ರಿಯಾಳ ತಂಡ ಎಸೆದ ಚೆಂಡುಗಳು ಒಂದಾದ ಮೇಲೊಂದು ಹೊರಗೆ ಬಿದ್ದವು. ಎದುರು ಬದಿಯವರು ಆಗಲೇ ಆರಾಮವಾಗಿ ಕುಳಿತು ಪಾಪ್‌ಕಾರ್ನ್ ತಿನ್ನುತ್ತಿದ್ದರು. ನಮ್ಮ ಕಡೆಯವರು ಅಂಗೈ ಕೆಂಪಾಗಿ, ಚಪ್ಪಾಳೆಯ ಲಯ ತಪ್ಪಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ಮಂಡಿ ನೋವಿನ ಒಬ್ಬ ಅಜ್ಜ ಕುಳಿತುಬಿಟ್ಟಾಗ ಅವನ ಹೆಂಡತಿ ಗದರಿಸಿ ಎಬ್ಬಿಸಿದಳು. ಕೊನೆಗೂ ಮೊದಲ ಬುಟ್ಟಿ ಹಾಕಿದವಳು ರಿಯಾ. ಪಂದ್ಯವನ್ನೇ ಗೆದ್ದಂತೆ ನಿರಾಳವಾಗಿ ಉಸಿರು ಬಿಟ್ಟು ಎಲ್ಲರೂ ಕುಳಿತರು.

ಅಂತರ ನಿಧಾನವಾಗಿ ಕರಗಿತು. ಕೊನೆಯ ಸೆಕೆಂಡುಗಳಲ್ಲಿ ಒಂದು ಅಂಕದ ಹಿನ್ನಡೆ, ಚೆಂಡು ರಿಯಾಳ ಕೈಯಲ್ಲಿ. ಅವಳು ಇಬ್ಬರ ನಡುವೆ ನುಸುಳಿ ಎಸೆದಳು. ಚೆಂಡು ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಹಾಕಿ ಹೊರಗೆ ಬಿತ್ತು.

ಲಾರೆನ್ಸ್ ಕುಳಿತಲ್ಲಿಂದ ಏಳಲಿಲ್ಲ. ರಿಯಾ ಎದುರಾಳಿಗಳ ಸಾಲಿನಲ್ಲಿ ಎಲ್ಲರ ಕೈ ಕುಲುಕಿ, ಅಳುತ್ತಿದ್ದ ತನ್ನ ತಂಡದ ಎತ್ತರದ ಹುಡುಗಿಯ ಸೊಂಟ ಬಳಸಿ ಒಳಗೆ ಕರೆದುಕೊಂಡು ಹೋದಳು. ಇಡೀ ವರ್ಷದ ಮೊದಲ ಸೋಲು. ನನ್ನ ಪುಸ್ತಕದಲ್ಲಿ ಇಷ್ಟೇ ಬರೆದುಕೊಂಡೆ.

ಜ್ಯಾಕ್ಸನ್ ಹೈಟ್ಸ್

ತಂಡ ಬಸ್ಸಿನಲ್ಲಿ ಹಿಂತಿರುಗಿತು. ನಾವು ನಾಲ್ವರು ನ್ಯೂಯಾರ್ಕಿನಲ್ಲೇ ಭಾರತೀಯರ ಅಂಗಡಿಗಳಿರುವ ಈ ಬಡಾವಣೆಯ ಎಪ್ಪತ್ತನಾಲ್ಕನೇ ಬೀದಿಗೆ ಬಂದು, ಸೀರೆ ಅಂಗಡಿಗಳ ನಡುವಿನ ಒಂದು ಹೋಟೆಲಿನಲ್ಲಿ ಕುಳಿತೆವು. ಬಿಲ್ ಮಸಾಲೆ ದೋಸೆಯನ್ನು ಚಾಕು, ಫೋರ್ಕಿನಿಂದ ಒಂದೇ ಅಳತೆಯ ಚೌಕಗಳಾಗಿ ಕತ್ತರಿಸಿದ. ಚಟ್ನಿಯನ್ನು ಮೊದಲೇ ಸೂಪಿನಂತೆ ಕುಡಿದು ಮುಗಿಸಿದ್ದ. ಯಾರಿಗೂ ತಿದ್ದುವ ಉತ್ಸಾಹವಿರಲಿಲ್ಲ.

"ನಾನು ಹೇಳಿರಲಿಲ್ಲವೇ?" ಎಂದ ಅವನು, ಯಾರನ್ನೂ ನೋಡದೆ. "ಡಿಸೆಂಬರಿನಲ್ಲಿ ಒಂದು ಗಟ್ಟಿ ತಂಡದ ಹತ್ತಿರ ಸೋತಿದ್ದರೂ ಇವತ್ತು ಹೆಚ್ಚು ಬೆಲೆ ಇರುತ್ತಿತ್ತು."

ಲಾರೆನ್ಸ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: "ಅವಳಿಗೆ ಇನ್ನೊಂದು ಆಟ ಸಿಗ್ಬೇಕು. ಗೆಲ್ಲುದು ಬೇಡ. ಆ ಚೆಂಡು ಹೊರಗೆ ಹೋದದ್ದೇ ಕಡೆಯದ್ದು ಅಂತ ಆಗ್ಬಾರ್ದು."

ಶಶಿಕಲಾ ಟ್ಯಾಬ್ಲೆಟ್ಟಿನಲ್ಲಿ ತಲೆ ಹುದುಗಿಸಿದ್ದರು. ಸಾಂಬಾರು ತಣ್ಣಗಾದ ಮೇಲೆ ತಲೆ ಎತ್ತಿದರು. "ಒಂದು ದಾರಿ ಇದೆ ಕಣ್ರೀ. ನಗಬೇಡಿ. ಆ ವಾಫಲ್ ಹುಡುಗೀರಿದ್ದಾರಲ್ಲ, ಅವರು ಜನವರಿಯಿಂದ ಗೆಲ್ತಾನೇ ಬಂದಿದ್ದಾರೆ. ನಾಳೆ ಅವರ ಲೀಗಿನ ಫೈನಲ್. ಅವರು ಗೆದ್ರೆ ನ್ಯಾಷನಲ್ಸ್‌ಗೆ ಹೋಗ್ತಾರೆ. ಆಗ ನಾವು ಸೋಲಿಸಿದ್ದು ಯಾರನ್ನ? ನ್ಯಾಷನಲ್ಸ್ ಆಡೋ ಟೀಮನ್ನ! ನಮ್ಮ ನಂಬರ್ ಮೇಲೆ ಹೋಗುತ್ತೆ."

ಬಿಲ್‌ಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವನು ಫೋರ್ಕ್ ಕೆಳಗಿಟ್ಟ. "ಅಂದರೆ ನಾನು ನಾಳೆ ಕಪ್‌ಕೇಕಿಗೆ ಜೈಕಾರ ಹಾಕಬೇಕೇ?"

"ಎರಡು ಗಂಟೆ. ಅರ್ಧದಲ್ಲಿ ಎದ್ದು ಹೋಗೋ ಹಾಗಿಲ್ಲ," ಎಂದರು ಶಶಿಕಲಾ.

ಬೇರೆ ಎರಡು ದೇಶಗಳ ಪಂದ್ಯದಲ್ಲಿ ಯಾರು ಗೆದ್ದರೆ ಭಾರತಕ್ಕೆ ಸೆಮಿಫೈನಲ್ ಎಂದು ಲೆಕ್ಕ ಹಾಕುತ್ತ ಕುಳಿತ ಸಂಜೆಗಳು ನಮ್ಮ ಡೆಸ್ಕಿಗೂ ಹೊಸತಲ್ಲ. ಆದರೆ ಹಾಗೆ ಹಾರೈಸಿಕೊಂಡ ದೇಶವನ್ನು ನಾವು ಅದಕ್ಕೂ ಮೊದಲು ನಾಲ್ಕು ತಿಂಗಳು ಗೇಲಿ ಮಾಡಿದ್ದು ನನಗೆ ನೆನಪಿಲ್ಲ.

ಶನಿವಾರ, ಮೋಟೆಲಿನ ತಿಂಡಿ ಕೋಣೆ

ಪಂದ್ಯ ಮಧ್ಯಾಹ್ನಕ್ಕಿತ್ತು. ತಿಂಡಿ ಕೋಣೆಯ ಗೋಡೆಯ ಟಿವಿ ಹಳೆಯದು, ಚಿತ್ರದ ಕೆಳಗಿನ ಅಂಚು ಕತ್ತರಿಸಿಹೋಗುತ್ತಿತ್ತು. ಅಂಕ ಮತ್ತು ತಂಡದ ಹೆಸರು ಬರುವುದು ಆ ಅಂಚಿನಲ್ಲೇ. ಆಗ ಯಾರಿಗೂ ಅದು ದೊಡ್ಡ ತೊಂದರೆ ಅನ್ನಿಸಲಿಲ್ಲ. ಆ ಹುಡುಗಿಯರು ಕೆಂಪು ಅಂಗಿಯವರು ಎಂಬುದು ಎಲ್ಲರಿಗೂ ನೆನಪಿತ್ತು.

ಬಿಲ್ ಮೊದಲ ಬುಟ್ಟಿಯವರೆಗೆ ನಿಂತೇ ಚಪ್ಪಾಳೆ ತಟ್ಟಿದ. ಕೆಂಪು ಅಂಗಿಯವರು ಬೇಗನೆ ಹಾಕಿದರು, ಮತ್ತೆ ಮತ್ತೆ ಹಾಕಿದರು. "ಎಷ್ಟು ಸುಧಾರಿಸಿದ್ದಾರೆ ನೋಡಿ!" ಎಂದರು ಶಶಿಕಲಾ. ಲಾರೆನ್ಸ್ ಕೆಂಪು ಅಂಗಿಯ ಒಬ್ಬ ಎತ್ತರದ ಹುಡುಗಿಯನ್ನು ತೋರಿಸಿ, "ಇವಳೇ, ಇವಳೇ ಮೂರು ವಾಫಲ್ ತಿಂದವಳು, ನಂಗೆ ಸರೀ ಗುರ್ತ ಉಂಟು," ಎಂದ. ಕೋಣೆ ಖಾಲಿ ಮಾಡಲು ಬಂದ ಒಬ್ಬ ಅತಿಥಿ ಬೀಗದ ಕಾರ್ಡ್ ಹಿಡಿದುಕೊಂಡೇ ನಿಂತು ಇವರನ್ನು ನೋಡುತ್ತಿದ್ದ.

ಆಗ ರಿಯಾ ಬಂದಳು. ಹಿಂದಿನ ದಿನದ ನಂತರ ನಾನು ಅವಳನ್ನು ನೋಡಿದ್ದು ಅದೇ ಮೊದಲು. ಬಾಗಿಲಲ್ಲೇ ನಿಂತು ಅರ್ಧ ನಿಮಿಷ ಟಿವಿ ನೋಡಿದಳು.

"ಡ್ಯಾಡ್, ಯಾರಿಗೆ ಚಪ್ಪಾಳೆ ತಟ್ಟುತ್ತಿದ್ದೀರಿ?" ಅವಳು ಮಾತಾಡುವುದು ಇಂಗ್ಲಿಷೇ.

"ನಮ್ಮ ಹುಡುಗೀರಿಗೆ."

"ನಿಮ್ಮ ಹುಡುಗಿಯರು ಬಿಳಿ ಅಂಗಿಯವರು."

ಬಿಲ್ ಚಪ್ಪಾಳೆಗೆಂದು ಎತ್ತಿದ್ದ ಕೈ ಕೆಳಗಿಳಿಸಿದ. ಬೇರೆ ಊರಿಗೆ ಹೋದಾಗ ಗಾಢ ಬಣ್ಣ, ಆತಿಥೇಯರಾದಾಗ ಬಿಳಿ: ತಂಡಗಳ ಈ ನಿಯಮ ಮೂವರಿಗೂ ವರ್ಷಗಳಿಂದ ಗೊತ್ತಿತ್ತು. ನವೆಂಬರಿನಲ್ಲಿ ಅತಿಥಿಗಳಾಗಿ ಬಂದಿದ್ದವರು ಕೆಂಪು ಹಾಕಿದ್ದರು. ಇಂದು ಪಂದ್ಯ ಅವರದೇ ಅಂಗಳದಲ್ಲಿ. ನೆನಪಿಡಲು ಮುಖಗಳೂ ಇದ್ದವು, ಆದರೆ ಆ ದಿನ ಯಾರೂ ಅವನ್ನು ನೋಡಿರಲಿಲ್ಲ.

"ನಾವು ಹಿಂದಿದ್ದೀವಾ ಹಾಗಾದ್ರೆ?" ಎಂದರು ಶಶಿಕಲಾ, ಸಣ್ಣ ದನಿಯಲ್ಲಿ.

"ತುಂಬ." ರಿಯಾ ಕುರ್ಚಿ ಎಳೆದುಕೊಂಡು ಕುಳಿತಳು. ಮುಂದಿನ ಒಂದೂವರೆ ಗಂಟೆ ಅವಳೇ ವೀಕ್ಷಕ ವಿವರಣೆಗಾರ್ತಿ. ಬಿಳಿ ಅಂಗಿಯ ಪ್ರತಿಯೊಬ್ಬಳ ಹೆಸರೂ ಅವಳಿಗೆ ಗೊತ್ತಿತ್ತು. ಇವಳು ಎಡಗೈಯವಳು, ಅವಳ ಮಂಡಿಗೆ ಎರಡು ಬಾರಿ ಶಸ್ತ್ರಚಿಕಿತ್ಸೆಯಾಗಿದೆ, ಆ ಗಿಡ್ಡ ಹುಡುಗಿ ಎಲ್ಲಿಂದ ಬೇಕಾದರೂ ಎಸೆಯುತ್ತಾಳೆ. "ನವೆಂಬರಿನ ಪಂದ್ಯದ ಮೊದಲರ್ಧದಲ್ಲಿ ಆ ಹನ್ನೆರಡನೇ ನಂಬರಿನವಳು ನನಗೆ ಒಂದೇ ಒಂದು ಬುಟ್ಟಿ ಬಿಟ್ಟುಕೊಟ್ಟಿದ್ದು. ಮಾರನೇ ದಿನ ನನ್ನ ಕೈಯೆಲ್ಲ ನೀಲಿಯಾಗಿತ್ತು."

"ಆ ಪಂದ್ಯ ಸುಲಭವಾಗಿತ್ತಲ್ಲ?" ಎಂದು ಬಿಲ್ ಕೇಳಿದ.

"ನಿಮಗೆ ಸುಲಭವಾಗಿತ್ತು, ಬಿಲ್. ನೀವು ಮನೆಗೆ ಹೋಗಿದ್ದಿರಿ."

ಲಾರೆನ್ಸ್ ಜೋರಾಗಿ ನಕ್ಕ. ಬಿಲ್ ಕೂಡ ನಕ್ಕ, ಸ್ವಲ್ಪ ತಡವಾಗಿ.

ಬಿಳಿ ಅಂಗಿಯವರು ಕೊನೆಯ ಹತ್ತು ನಿಮಿಷಗಳಲ್ಲಿ ಸರಿಸಮ ಬಂದರು. ಗಿಡ್ಡ ಹುಡುಗಿ ದೂರದಿಂದ ಎಸೆದ ಚೆಂಡು ಒಳಗೆ ಬಿದ್ದು ಪಂದ್ಯ ಮುಗಿದಾಗ ಶಶಿಕಲಾ ಬಿಲ್‌ನನ್ನು ತಬ್ಬಿಕೊಂಡಿದ್ದರು. ರಿಯಾ ಮಾತ್ರ ಕುರ್ಚಿಯಲ್ಲೇ ಕುಳಿತು, ಪರದೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದ ಹುಡುಗಿಯರನ್ನು ನೋಡುತ್ತಿದ್ದಳು. ಅವಳಿಗಾಗಿ ಇವರು ಆ ಗೆಲುವು ಬಯಸಿದ್ದರು. ಅವಳು ಅದನ್ನು ಯಾರಿಗಾಗಿ ಬಯಸಿದ್ದಳೋ ಕೇಳಲು ನನಗೆ ಸಂಕೋಚವಾಯಿತು.

ಭಾನುವಾರ, ಕಾಲೇಜು

ಆಯ್ಕೆಯ ಘೋಷಣೆ ಟಿವಿಯಲ್ಲಿ ನೇರ ಪ್ರಸಾರವಾಗುತ್ತದೆ. ಅದಕ್ಕಾಗಿ ಕಾಲೇಜಿನ ಒಂದು ಸಭಾಂಗಣದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಆಟಗಾರ್ತಿಯರು ಮುಂದಿನ ಸಾಲಿನಲ್ಲಿ, ಪೋಷಕರು ಮತ್ತು ಅಭಿಮಾನಿಗಳು ಹಿಂದೆ. ಪಕ್ಕದ ಮೇಜಿನ ಮೇಲೆ ಇನ್ನೂ ಕತ್ತರಿಸದ ಒಂದು ಕೇಕ್. ನಮ್ಮಲ್ಲಿ ಆಯ್ಕೆಯಾಗದವನಿಗೆ ಸುದ್ದಿ ತಿಳಿಯುವುದು ಮರುದಿನದ ಪತ್ರಿಕೆಯಲ್ಲಿ, ಅಥವಾ ಫೋನ್ ಬಾರದೇ ಇದ್ದಾಗ. ಅಲ್ಲಿ ಅವರನ್ನು ಸಮವಸ್ತ್ರ ಹಾಕಿಸಿ ಕೂರಿಸುತ್ತಾರೆ, ಎಲ್ಲರೂ ನೋಡುತ್ತಾರೆ.

ಹೆಸರುಗಳು ಒಂದೊಂದಾಗಿ ಬಂದವು. ಉತ್ತರದ ಸಣ್ಣ ಕಾಲೇಜಿನ ಹೆಸರು ಬಂದಾಗ ಮುಂದಿನ ಸಾಲಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ಶಶಿಕಲಾ ಪ್ರತಿ ಹೆಸರಿಗೂ ಟ್ಯಾಬ್ಲೆಟ್ಟಿನಲ್ಲಿ ಗುರುತು ಹಾಕುತ್ತಿದ್ದರು. ಖಾಲಿ ಜಾಗಗಳು ನಾಲ್ಕಾದವು, ಎರಡಾದವು. ಲಾರೆನ್ಸ್ ನನ್ನ ಮಣಿಕಟ್ಟು ಹಿಡಿದಿದ್ದ, ಅದು ಅವನಿಗೆ ತಿಳಿದಂತಿರಲಿಲ್ಲ. ಕೊನೆಯ ಹೆಸರು ಪಶ್ಚಿಮದ ಯಾವುದೋ ದೊಡ್ಡ ವಿಶ್ವವಿದ್ಯಾಲಯದ್ದು. ಅದು ಆ ವರ್ಷ ಹತ್ತಕ್ಕೂ ಹೆಚ್ಚು ಪಂದ್ಯ ಸೋತಿತ್ತು, ಎಲ್ಲವೂ ಗಟ್ಟಿ ತಂಡಗಳೆದುರು. ಯಾರೋ ಪರದೆ ಆರಿಸಿದರು.

ಇವರು ಸೋಲಿಸಿದ ತಂಡ ಒಳಗೆ, ಸೋಲಿಸಿದವರು ಹೊರಗೆ. ನಾನು ಡೆಸ್ಕಿನಲ್ಲಿದ್ದಿದ್ದರೆ ತಲೆಬರಹ ಅದೇ ಆಗುತ್ತಿತ್ತು.

ಅಷ್ಟರಲ್ಲಿ ಕೋಚ್‌ಗೆ ಒಂದು ಫೋನ್ ಬಂತು. ಅದು ಎರಡನೇ ದರ್ಜೆಯ ಇನ್ನೊಂದು ಪಂದ್ಯಾವಳಿಯ ಆಹ್ವಾನ. ದೊಡ್ಡದಕ್ಕೆ ಆಯ್ಕೆಯಾಗದವರಿಗೆಂದೇ ಇರುವಂಥದು. ಬೇಡ ಎನ್ನುವ ತಂಡಗಳೂ ಇವೆಯಂತೆ. ಹತ್ತು ನಿಮಿಷದಲ್ಲಿ ಉತ್ತರ ಬೇಕು. ನೀವೇ ತೀರ್ಮಾನಿಸಿ ಎಂದು ಕೋಚ್ ಹುಡುಗಿಯರನ್ನು ಪಕ್ಕದ ಕೋಣೆಗೆ ಕಳುಹಿಸಿ, ತಾನು ಹೊರಗೇ ನಿಂತಳು. ಬಾಗಿಲು ಮುಚ್ಚಿತು.

ಹೊರಗೆ ಚರ್ಚೆ ಮತ್ತೆ ಸುರುವಾಯಿತು. "ಬೇಡ ಅನ್ನಬೇಕು," ಎಂದ ಬಿಲ್. "ಇದು ಅವಮಾನ. ಅಲ್ಲಿ ಇನ್ನೂ ಹೆಚ್ಚು ಕಪ್‌ಕೇಕುಗಳು."

"ಡಿಸ್ಟಿಂಕ್ಷನ್ ಬರಬೇಕಾದೋರನ್ನ ಸಪ್ಲಿಮೆಂಟರಿ ಪರೀಕ್ಷೆಗೆ ಕೂರಿಸಿದ ಹಾಗೆ," ಎಂದರು ಶಶಿಕಲಾ. "ಗೆದ್ರೂ ಯಾರೂ ಲೆಕ್ಕಕ್ಕೆ ತಗೊಳಲ್ಲ."

"ನೀನೆಂತ ಹೇಳ್ತಿ?" ಎಂದು ಲಾರೆನ್ಸ್ ನನ್ನನ್ನು ಕೇಳಿದ.

"ಅವಳು ಬೇಡ ಅಂದರೆ?" ಎಂದು ನಾನು ಮರಳಿ ಕೇಳಿದೆ.

"ಬೇಡ ಅಂದ್ರೆ ಇವತ್ತಿಗೆ ಮುಗೀತು." ಬಾಗಿಲಿನಿಂದ ಅವನು ಕಣ್ಣು ತೆಗೆಯಲಿಲ್ಲ.

ಹತ್ತು ನಿಮಿಷ ಬೇಕಾಗಲಿಲ್ಲ. ಮೊದಲು ಹೊರಬಂದವಳು ರಿಯಾ. ಕಣ್ಣು ಕೆಂಪಾಗಿದ್ದವು. ಕೋಚ್‌ಗೆ ತಲೆಯಾಡಿಸಿ ನಮ್ಮ ಕಡೆ ಬಂದಳು.

"ಗುರುವಾರ. ಇಲ್ಲೇ, ನಮ್ಮ ಅಂಗಳದಲ್ಲೇ. ನಾಳೆ ಬೆಳಿಗ್ಗೆ ಪ್ರಾಕ್ಟೀಸ್."

"ಎದುರಾಳಿ ಯಾರು?" ಎಂದ ಬಿಲ್.

ರಿಯಾ ಅವನನ್ನು ನೋಡಿದಳು. ಅವನು ಏನು ಕೇಳುತ್ತಿದ್ದಾನೆಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಗೊತ್ತಿಲ್ಲ. ನಾವು ಕೇಳಲಿಲ್ಲ."

ಲಾರೆನ್ಸ್ ನನ್ನ ಮಣಿಕಟ್ಟು ಬಿಟ್ಟು ಜೇಬಿನಿಂದ ಫೋನ್ ತೆಗೆದು, ಕ್ಯಾಲೆಂಡರಿನಲ್ಲಿ ಗುರುವಾರವನ್ನು ಹುಡುಕಿದ.

"ಎಷ್ಟು ಗಂಟೆಗೆ?" ಎಂದು ಕೇಳಿದ.